ಸೈಲೆನ್ಸರ್ ಹುಡುಗರ ಕೈಗೆ ಸರಿಯಾದ ಸಲಕರಣೆ ಕೊಡಿ

ಮಾನ್ಯ ಸಂಪಾದಕರೇ,

ಗ್ಯಾರೇಜಿನಲ್ಲಿ ನಿಂತ ಕಾರಿಗೆ ಬೆಂಕಿ ಬಿತ್ತು ಅನ್ನೋ ಸುದ್ದಿ ಓದಿದಾಗಲೆಲ್ಲ ನನಗೆ ಮೊದಲು ಬರುವ ಅನುಮಾನ, ಆ ಹೊತ್ತಿಗೆ ಅಲ್ಲಿ ಕಬ್ಬಿಣ ಕತ್ತರಿಸುವ ಗ್ರೈಂಡರ್ ಓಡುತ್ತಿತ್ತಾ ಅಂತ. ಕುಂದಾಪುರದ ಹೆದ್ದಾರಿ ಬದಿಯಲ್ಲಿ ನನ್ನದೊಂದು ಸೈಲೆನ್ಸರ್ ಅಂಗಡಿ ಇದೆ. ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಬರ ಇಲ್ಲ. ಹೊರಗಿನಿಂದ ಉಪ್ಪುಗಾಳಿ ಮತ್ತು ಮಳೆ, ಒಳಗಿನಿಂದ ಪೆಟ್ರೋಲ್ ಉರಿದಾಗ ಹುಟ್ಟುವ ನೀರು. ಮನೆಯಿಂದ ಪೇಟೆಗೆ ಅಷ್ಟೇ ಓಡುವ ಕಾರಿನ ಹೊಗೆ ಪೈಪ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ನೀರು ಆರದೆ ಸೈಲೆನ್ಸರ್ ಡಬ್ಬದ ತಳದಲ್ಲಿ ನಿಂತು, ಒಳಗಿಂದಲೇ ತೂತು ಬೀಳುತ್ತದೆ.

ಡಬ್ಬ ಬದಲಿಸಬೇಕಾದರೆ ಎಷ್ಟೋ ಸಲ ಪೈಪ್ ಕತ್ತರಿಸಲೇಬೇಕು. ಅದಕ್ಕೆ ಎಲ್ಲರೂ ಕೈ ಹಾಕುವುದು ನಾಲ್ಕಿಂಚಿನ ಗ್ರೈಂಡರಿಗೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುವ ಯಂತ್ರ ಅದು. ಕಾರಿನಡಿ ಜಾಗ ಸಾಲದು ಅಂತ ಡಿಸ್ಕಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿಟ್ಟಿರುತ್ತಾರೆ. ಹುಡುಗ ಅಂಗಾತ ಮಲಗಿ, ಕನ್ನಡಕ ಕೂಡ ಇಲ್ಲದೆ, ಮುಖದ ಮೇಲೇ ಡಿಸ್ಕ್ ಹಿಡಿದಿರುತ್ತಾನೆ. ಕಿಡಿ ಹಾರುವ ದಾರಿಯಲ್ಲೇ ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಲೈನ್, ವೈರಿಂಗ್ ಎಲ್ಲ ಇರುತ್ತದೆ. ಕೊನೆಕೊನೆಗೆ ಪೈಪ್ ತನ್ನ ಭಾರಕ್ಕೇ ಜಗ್ಗಿ, ಡಿಸ್ಕ್ ಸಿಕ್ಕಿಕೊಂಡು ಒಡೆಯುವುದೂ ಉಂಟು. ಆ ಚೂರು ಎಲ್ಲಿಗೆ ಸಿಡಿಯುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಈ ಕೆಲಸಕ್ಕೇ ಅಂತ ಚೈನ್ ಕಟರ್ ಇದೆ. ಲಾಕ್ ಆಗುವ ಇಕ್ಕಳದ ಹಿಡಿ, ಅದರ ತುದಿಗೆ ಒಂದು ಚೈನು, ಚೈನಿನ ಉದ್ದಕ್ಕೂ ಚಿಕ್ಕ ಚಿಕ್ಕ ಉಕ್ಕಿನ ಚಕ್ರ. ಚೈನನ್ನು ಪೈಪಿಗೆ ಸುತ್ತಿ ಸಿಕ್ಕಿಸಿ, ಹಿಡಿ ಅದುಮಿ, ಆಚೆ ಈಚೆ ಆಡಿಸಬೇಕು. ಸ್ವಲ್ಪ ಹೊತ್ತಿಗೆ ಹಿಡಿ ಹಗುರ ಆಗುತ್ತದೆ. ಚಕ್ರ ತಗಡಿನೊಳಗೆ ಇಳಿಯಿತು ಅಂತ ಕೈಗೇ ಗೊತ್ತಾಗುತ್ತದೆ. ಆಗ ಹಿಡಿಯ ಸ್ಕ್ರೂ ತುಸು ಬಿಗಿ ಮಾಡಿ ಮತ್ತೆ ಆಡಿಸುವುದು. ಚಕ್ರಗಳು ಪೈಪಿನ ಸುತ್ತಲೂ ಇರುವುದರಿಂದ ಪೂರ್ತಿ ಸುತ್ತು ತಿರುಗಿಸಬೇಕಾಗಿಲ್ಲ, ಹಿಡಿ ಆಡುವಷ್ಟು ಜಾಗ ಸಿಕ್ಕರೆ ಸಾಕು. ಕಿಡಿ ಹಾರುವುದಿಲ್ಲ. ಜುಲೈ ಮಳೆಯಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಎಲ್ಲಾ ಕಡೆ ಅದು ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ತುಕ್ಕು ತಿಂದು ಹಪ್ಪಳವಾದ ಪೈಪ್ ಅದರ ಹಿಡಿತಕ್ಕೆ ಜಜ್ಜಿಹೋಗುತ್ತದೆ. ಬೆಂಡ್ ಇರುವಲ್ಲಿ ಚೈನು ಸರಿಯಾಗಿ ಕೂರುವುದಿಲ್ಲ. ಅಲ್ಲಿ ಕೈಗರಗಸ, ಅಂದರೆ ಹ್ಯಾಕ್ಸಾನೇ ಸರಿ. ಆದರೆ ಬ್ಲೇಡ್ ಇಂಚಿಗೆ 32 ಹಲ್ಲಿನದಾಗಿರಬೇಕು. ಸುಮ್ನೆ ಬ್ಲೇಡ್ ಕೊಡಿ ಅಂದರೆ 18 ಹಲ್ಲಿನದೂ ಬರಬಹುದು. ಒಂದೂವರೆ ಮಿ.ಮೀ. ತಗಡಿಗೆ ಅದರ ಹಲ್ಲು ಸಿಕ್ಕಿ ಮುರಿಯುತ್ತದೆ.

ಚೈನ್ ಕಟರಿನಲ್ಲಿ ಕತ್ತರಿಸಿದ ಬಾಯಿ ಸ್ವಲ್ಪ ಒಳಕ್ಕೆ ಮಡಚಿರುತ್ತದೆ. ಅರ ಹಾಕಿ ಉಜ್ಜಿ, ಪೈಪ್ ಎಕ್ಸ್‌ಪ್ಯಾಂಡರ್ ತೂರಿಸಿ ಬೋಲ್ಟ್ ತಿರುಗಿಸಿದರೆ ಬಾಯಿ ಅಗಲ ಆಗುತ್ತದೆ. ಹೊಸ ಪೈಪ್ ಒಂದೂವರೆ ಎರಡು ಇಂಚು ಒಳಗೆ ಕೂತರೆ ಕ್ಲಾಂಪ್ ಹಾಕಿ ಬಿಗಿದರಾಯಿತು, ಟ್ಯಾಂಕ್ ಪಕ್ಕದಲ್ಲಿ ವೆಲ್ಡಿಂಗ್ ಮಾಡುವ ಅಪಾಯವೂ ತಪ್ಪಿತು.

2020ರ ಏಪ್ರಿಲ್‌ನಿಂದ ಹೊಗೆಗೆ ಬಿಗಿ ಮಿತಿ ಇರುವ ಬಿಎಸ್-6 ನಿಯಮದ ಗಾಡಿಗಳೇ ಹೊಸದಾಗಿ ರಸ್ತೆಗೆ ಬರುತ್ತಿವೆ. ಪೆಟ್ರೋಲ್ ಕಾರಿನ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದೆ ಮುಂದೆ, ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದನ್ನು ಬಿಚ್ಚಲು ಬದಿಯಲ್ಲಿ ಸೀಳಿರುವ 22 ಎಂ.ಎಂ. ಸಾಕೆಟ್ ಸಿಗುತ್ತದೆ. ವೈರ್ ಆ ಸೀಳಿನಿಂದ ಹೊರಗೆ ಬರುತ್ತದೆ. ಸಾಕೆಟ್ ಇಲ್ಲದ ಕಡೆ ವೈರನ್ನೇ ಕತ್ತರಿಸಿ, ಆಮೇಲೆ ಟೇಪ್ ಸುತ್ತಿ ಕೊಡುತ್ತಾರೆ. ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿದಾಗ ಗಿರಾಕಿಗೆ ದಂಡದ ಖರ್ಚು.

ಇಷ್ಟನ್ನೂ ಒಟ್ಟಿಗೆ ಕೊಳ್ಳುವುದು ದಿನಗೂಲಿಯ ಹುಡುಗನಿಗೆ ಕಷ್ಟ. ಗ್ರೈಂಡರ್ ಒಂದಿದ್ದರೆ ಎಲ್ಲ ಕೆಲಸಕ್ಕೂ ಆಗುತ್ತದೆ ಅಂತ ಅದನ್ನೇ ಕೊಳ್ಳುತ್ತಾನೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬಿನವರಿಗೆ ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇದೆ. ಕಮ್ಮಾರರು, ಬಡಗಿಗಳು, ದರ್ಜಿಗಳು, ಬೀಗ ಮಾಡುವವರು ಇದ್ದಾರೆ, ಇರಬೇಕಾದ್ದೇ. ಗಾಡಿ ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ. ನಮ್ಮ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಮೆಕ್ಯಾನಿಕ್‌ಗಳ ನೋಂದಣಿ ಇದೆ. ಹಾಗೆ ನೋಂದಾಯಿಸಿದವರಿಗೆ ಕಾರ್ಮಿಕ ಇಲಾಖೆ ಚೈನ್ ಕಟರ್, ಎಕ್ಸ್‌ಪ್ಯಾಂಡರ್, ಸೆನ್ಸರ್ ಸಾಕೆಟ್, ಒಂದು ಒಳ್ಳೆ ಕನ್ನಡಕ ಇರುವ ಪೆಟ್ಟಿಗೆ ಕೊಡಲಿ. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೂ ಇವುಗಳ ಮೇಲೆ ಕೈ ಪಳಗಿಸಲಿ. ಈ ಭಾಗದ ಐಟಿಐಯವರು ಹುಡುಗರನ್ನು ಕಳಿಸುವುದಾದರೆ ನನ್ನ ಅಂಗಡಿಯಲ್ಲೇ ತೋರಿಸಿಕೊಡುತ್ತೇನೆ. ಕತ್ತರಿಸಿ ಕಲಿಯಲು ಹಳೆ ಪೈಪ್ ಬೇಕಾದಷ್ಟಿದೆ.

ಇತಿ,
ಒಬ್ಬ ಸೈಲೆನ್ಸರ್ ಮೆಕ್ಯಾನಿಕ್, ಕುಂದಾಪುರ