ಮಡಿಕೇರಿಯ ಆಟೋ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಇಲ್ಲಿ ಬರೆಯುವುದಿಲ್ಲ. ಅಂದು ಮಡಿಕೇರಿ ಬಸ್ ಸ್ಟ್ಯಾಂಡ್‌ನಲ್ಲಿ ಜೋರು ಮಳೆ. ನಿಮ್ಮ ಆಟೋ ಹತ್ತಿದಾಗ ತಮ್ಮನ ಕೈ ನಡುಗುತ್ತಿತ್ತು. ಕುಡಿತ ಬಿಡ್ತೀನಿ ಅಂತ ಅವನೇ ಹೊರಟಿದ್ದ, ಆದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಅಂತ ನಮಗೆ ಗೊತ್ತಿರಲಿಲ್ಲ, ಊರಲ್ಲಿ ಕೇಳಿದರೆ ಮನೆಮನೆಗೂ ಸುದ್ದಿ ಅಲ್ವಾ.

ನೀವು ಕನ್ನಡಿಯಲ್ಲಿ ನೋಡಿ ಆಟೋ ಪಕ್ಕಕ್ಕೆ ಹಾಕಿದಿರಿ. ‘ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದಮ್ಮಾ, ಮೊದಲು ಡಾಕ್ಟರಿಗೆ ತೋರಿಸೋಣ’ ಅಂದಿರಿ. ಆಸ್ಪತ್ರೆಯಲ್ಲಿ ಚೀಟಿ ಸಾಲಿಗೂ ನೀವೇ ನಿಂತಿರಿ. ಕಾಯುವಾಗ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ ಗುಂಪಿನ ಬಗ್ಗೆ ಹೇಳಿದಿರಿ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರು ಸೇರಿ ಮಾತಾಡುವ ಗುಂಪು. 1935ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಶುರು ಮಾಡಿದ ಇಬ್ಬರೂ ಕುಡಿತಕ್ಕೆ ಸಿಕ್ಕಿ ನರಳಿದವರೇ, ಅವರಲ್ಲೊಬ್ಬರು ಡಾಕ್ಟರ್. ಫೀಸಿಲ್ಲ. ಬಿಡುವ ಆಸೆ ಇದ್ದರೆ ಸಾಕು. ಆಮೇಲೆ ತಮ್ಮನ ಭುಜದ ಮೇಲೆ ಕೈಯಿಟ್ಟು, ‘ನಾನೂ ಹೋಗ್ತೀನಿ ಕಣಪ್ಪಾ’ ಅಂದಿರಿ. ಅದನ್ನು ಕೇಳಿ ಅವನು ತಲೆ ಎತ್ತಿದ.

ಮೀಟಿಂಗ್ ದಿನ ನೀವೇ ಬಂದು ಕರೆದುಕೊಂಡು ಹೋದಿರಿ. ಅವನ ಪಕ್ಕದಲ್ಲೇ ಕೂತಿರಂತೆ, ಮಾತಾಡು ಅಂತ ಒತ್ತಾಯ ಮಾಡಲಿಲ್ಲವಂತೆ. ನನಗೆ ಅದೇ ದೊಡ್ಡದು. ತಮ್ಮ ಈಗಲೂ ತಪ್ಪದೆ ಹೋಗುತ್ತಾನೆ, ಅಮ್ಮನಿಗೆ ರಾತ್ರಿ ನಿದ್ದೆ ಬರುತ್ತಿದೆ. ಬಾಡಿಗೆ ನೀವು ತೆಗೆದುಕೊಳ್ಳಲಿಲ್ಲ. ತೋಟದ ಕಿತ್ತಳೆ ಅವನ ಕೈಲಿ ಕಳಿಸುತ್ತೇವೆ, ಬೇಡ ಅನ್ನಬೇಡಿ.