ಎಲೆಕ್ಟ್ರಿಕ್ ಪಿಕಪ್: ಬಂದರಿಗೆ ಸಿಹಿನೀರಿನ ನಲ್ಲಿ ಬೇಕು

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ಪಿಕಪ್ ಕೊಳ್ಳುವವರು ಮೊದಲು ಕೇಳುವುದು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂದು. ಬೈತಖೋಲ್, ತದಡಿ ಬಂದರುಗಳಲ್ಲಿ ಮೀನು ಹೇರುವವರು ಅದಕ್ಕಿಂತ ಮೊದಲು ಕೇಳಬೇಕಾದ್ದು, ಐಸ್ ಕರಗಿದ ಉಪ್ಪುನೀರು ಎಲ್ಲಿ ಸೋರುತ್ತದೆ ಎಂದು.

ಬ್ಯಾಟರಿ ಪೆಟ್ಟಿಗೆ ಇರುವುದು ಸರಕಿನ ಬಾಡಿಯ ಕೆಳಗೇ. ಪೆಟ್ಟಿಗೆಗೆ ಸೀಲ್ ಇದೆ ನಿಜ. ಆದರೆ ಅದರ ಸುತ್ತಲಿನ ಬ್ರಾಕೆಟ್, ಬೋಲ್ಟು, ಅರ್ಥ್ ಪಟ್ಟಿ (ಗಾಡಿಯ ಲೋಹಕ್ಕೆ ಜೋಡಿಸುವ ತಾಮ್ರದ ಪಟ್ಟಿ) ಬಯಲಿಗೇ ಇವೆ. ತಗಡಿನ ಸಂದಿಯಿಂದ ತೊಟ್ಟಿಕ್ಕುವ ಮೀನಿನ ನೀರು ಅಲ್ಲಿ ಕೂತರೆ ಕಬ್ಬಿಣ ಪದರಪದರವಾಗಿ ಏಳುತ್ತದೆ, ತಾಮ್ರದ ತುದಿಗೆ ಹಸಿರು ಹುಡಿ ಕಟ್ಟುತ್ತದೆ. ಕನೆಕ್ಟರಿನೊಳಗೆ ತೇವ ಹೊಕ್ಕು ಇನ್ಸುಲೇಶನ್ (ವಿದ್ಯುತ್ ಸೋರದಂತೆ ತಡೆಯುವ ಶಕ್ತಿ) ಇಳಿದರೆ ಸುರಕ್ಷತೆಗಾಗಿ ಗಾಡಿಯೇ ತನ್ನ ಹೈವೋಲ್ಟೇಜ್ ಕಡಿದುಕೊಳ್ಳುತ್ತದೆ. ಆಮೇಲೆ ಮೀನಿನ ಸಮೇತ ಹೆದ್ದಾರಿ ಬದಿಯಲ್ಲಿ ಕಾಯುವುದೇ ಗತಿ.

ಆದ್ದರಿಂದ ಚಂದದ ಬಂಪರ್, ಲೈಟಿಗಿಂತ ಮೊದಲು ಹಾಕಿಸಬೇಕಾದ್ದು ಜೋಡಣೆಯಿಲ್ಲದ ಒಂದೇ ತುಂಡಿನ ಫೈಬರ್ ತೊಟ್ಟಿ. ಹಿಂಬದಿಗೆ ಇಳಿಜಾರು ಕೊಟ್ಟು, ಒಂದಿಂಚಿನ ಪೈಪಿನಲ್ಲಿ ನೀರನ್ನು ಹಿಂದಿನ ಆಕ್ಸಲ್ ದಾಟಿಸಿ 20 ಲೀಟರ್ ಕ್ಯಾನಿಗೆ ಬಿಡಬೇಕು. ರಸ್ತೆಯ ಮೇಲೆ ನಾರುವ ನೀರು ಚೆಲ್ಲುವುದೂ ಇದರಿಂದ ತಪ್ಪುತ್ತದೆ.

ತಾಡಪತ್ರಿ ಚೌಕಟ್ಟಿಗೆ ಕಂಪನಿ ಬಿಟ್ಟ ತೂತುಗಳನ್ನೇ ಬಳಸಿ. ಚೆಸ್ಸಿಗೆ ಡ್ರಿಲ್ ಹಾಕಿದರೆ ಬಣ್ಣ ಕಳೆದುಕೊಂಡ ಅಂಚಿನಿಂದಲೇ ತುಕ್ಕು ಶುರು; ಹೈವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲಿಗೆ ಡ್ರಿಲ್ ತಾಗಿದರೆ ಪ್ರಾಣಕ್ಕೇ ಕುತ್ತು. ಅಲ್ಯೂಮಿನಿಯಂ ಪಟ್ಟಿಗೆ ಸ್ಟೀಲ್ ಬೋಲ್ಟು ಬಿಗಿಯುವಾಗ ನಡುವೆ ನೈಲಾನ್ ವಾಷರ್ ಇರಲಿ, ಇಲ್ಲದಿದ್ದರೆ ಉಪ್ಪುಗಾಳಿಗೆ ಅಲ್ಯೂಮಿನಿಯಂ ಸವೆದು ತೂತು ದೊಡ್ಡದಾಗುತ್ತದೆ. ತೂಕವನ್ನೂ ಲೆಕ್ಕ ಹಾಕಿ: 1,000 ಕೆ.ಜಿ. ಹೊರುವ ಗಾಡಿಗೆ 120 ಕೆ.ಜಿ. ಕಬ್ಬಿಣ ಕಟ್ಟಿದರೆ ಹೇರಲು ಉಳಿಯುವುದು 880.

ಹೆಚ್ಚಿನ ಲೈಟು ಬೇಕಿದ್ದರೆ, ತಲಾ 24 ವ್ಯಾಟಿನ ಎರಡಕ್ಕೆ 12 ವೋಲ್ಟಿನಲ್ಲಿ 4 ಆಂಪಿಯರ್ ಸಾಕು. ಗಾಡಿಯಲ್ಲಿರುವ 12 ವೋಲ್ಟಿನ ಚಿಕ್ಕ ಬ್ಯಾಟರಿಯಿಂದ 7.5 ಆಂಪಿಯರ್ ಫ್ಯೂಸ್, ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಹಾಕಿ ಬೇರೆಯೇ ವೈರ್ ಎಳೆಯಿರಿ. ಕಂಪನಿಯ ವೈರ್ ಸುಲಿದು ಜೋಡಿಸಬೇಡಿ. ಈ ಚಿಕ್ಕ ಬ್ಯಾಟರಿ ಇಳಿದರೆ ದೊಡ್ಡದು ತುಂಬಿದ್ದರೂ ಗಾಡಿ ಏಳುವುದಿಲ್ಲ, ಏಕೆಂದರೆ ದೊಡ್ಡ ಬ್ಯಾಟರಿಯ ಸ್ವಿಚ್ಚು ಕೂಡುವುದು ಈ 12 ವೋಲ್ಟಿನಿಂದಲೇ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಗಾಡಿ ನಿಲ್ಲಿಸುವವರು ದೊಡ್ಡದನ್ನು ಅರ್ಧ ಚಾರ್ಜಿನಲ್ಲಿಟ್ಟು, ಚಿಕ್ಕದರ ನೆಗೆಟಿವ್ ತುದಿ ಬಿಚ್ಚಿಡಬೇಕು.

ಶಿರಸಿ ಕಡೆಯವರಿಗೊಂದು ಮಾತು. ದೇವಿಮನೆ ಘಟ್ಟ ಇಳಿಯುವ ಮುನ್ನ ಪೂರ್ತಿ ಚಾರ್ಜ್ ಮಾಡಬೇಡಿ. ಇಳಿಜಾರಿನಲ್ಲಿ ಮೋಟಾರು ಬ್ಯಾಟರಿಗೆ ಚಾರ್ಜ್ ತುಂಬುತ್ತಲೇ ಗಾಡಿಯ ವೇಗ ಹಿಡಿಯುತ್ತದೆ; ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ಆ ಹಿಡಿತ ಕೊಡದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಮೀನು ಇಳಿಸಿದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಪ್ರೆಶರ್ ಗನ್ ಅಲ್ಲ, ಸಾದಾ ಪೈಪು ಸಾಕು. ಅದಕ್ಕಾಗಿ ಜಿಲ್ಲೆಯ ಪ್ರತಿ ಮೀನುಗಾರಿಕಾ ಬಂದರಿನಲ್ಲೂ ಒಂದು ಸಿಹಿನೀರಿನ ನಲ್ಲಿ, ಜೊತೆಗೆ ಸರಿಯಾದ ಅರ್ಥಿಂಗ್ ಇರುವ ನಾಲ್ಕು 16 ಆಂಪಿಯರ್ ಸಾಕೆಟ್ ಹಾಕಿಸಿಕೊಡಬೇಕೆಂದು ಸಂಬಂಧಪಟ್ಟವರಲ್ಲಿ ಕೋರುತ್ತೇವೆ.

– ಪಿಕಪ್ ಮಾಲಕರು, ಕಾರವಾರ