ನಾಲೆಯಿಲ್ಲದ ಹನ್ನೊಂದು ಕಥೆಗಳು

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಹಸ್ತಪ್ರತಿಯನ್ನು ಮೊದಲು ಓದಿದೆ, ಆಮೇಲೆ ಜೊತೆಗಿದ್ದ ಆರು ಪುಟದ ಪತ್ರವನ್ನು, ಆಮೇಲೆ ಮತ್ತೆ ಹಸ್ತಪ್ರತಿಯನ್ನು. ಪ್ರಕಾಶಕರು ಯಾರು, ಮುನ್ನುಡಿ ಯಾರಿಂದ ಬರೆಸಬೇಕು, ಸ್ಪರ್ಧೆಗೆ ಕಳಿಸಬಹುದೇ ಎಂಬುದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ಅದನ್ನು ಬಲ್ಲವರು ಮೈಸೂರಿನಲ್ಲಿ ಬೀದಿಗೊಬ್ಬರಿದ್ದಾರೆ.

ಪಾಂಡವಪುರ ತಾಲ್ಲೂಕಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬೆನ್ನು ಕೊಟ್ಟು ನಿಂತ ಮನೆ ನಿಮ್ಮದು. ನಿನ್ನ ಹನ್ನೊಂದು ಕಥೆಗಳಲ್ಲಿ ಕಬ್ಬಿದೆ, ಆಲೆಮನೆಯಿದೆ, ಕಾರ್ಖಾನೆಯಿಂದ ಬಾರದ ಬಾಕಿ ಹಣವಿದೆ, ಸೋದರಮಾವನ ಕುಡಿತವಿದೆ. ನಾಲೆ ಇಲ್ಲ. ಗದ್ದೆಗೆ ನೀರು ಎಲ್ಲಿಂದ ಬಂತೆಂದು ಒಂದು ಕಡೆಯೂ ಹೇಳಿಲ್ಲ. ಕೈಕೂಸೂ ಇಲ್ಲ. ಏಳನೆಯ ಕಥೆಯ ಬಾಣಂತಿ ಹೆತ್ತು ಎರಡು ಪುಟ ಕಳೆದರೂ ಮಗು ಅಳುವುದಿಲ್ಲ, ಅದನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಇದು ಕಸುಬಿನ ಕೊರತೆ ಎಂದುಕೊಂಡು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೆ. ಪತ್ರ ಓದಿದ ಮೇಲೆ ಆ ಗುರುತನ್ನು ಅಳಿಸಿದೆ.

ಅಕ್ಕನ ಕೂಸನ್ನು ಎತ್ತಿಕೊಂಡು ನಾಲೆಯ ಏರಿಯ ಮೇಲೆ ನಡೆಯುತ್ತಿದ್ದಾಗ ‘ಎಸೆದುಬಿಡು’ ಎಂದು ಒಳಗೇ ಏನೋ ಅಂದಿತು. ಅಂದಿನಿಂದ ಕೂಸನ್ನು ಮುಟ್ಟಿಲ್ಲ, ಏರಿ ಹತ್ತಿಲ್ಲ, ತಲೆನೋವೆಂದು ಸುಳ್ಳು ಹೇಳಿ ಕೋಣೆ ಸೇರುತ್ತೇನೆ ಎಂದು ಬರೆದಿದ್ದೀಯೆ. ಕೊನೆಯ ಪುಟದ ಕೆಳಗೆ ಕೇಳಿದ್ದೀಯೆ: ‘ನಾನು ಕೆಟ್ಟವಳಲ್ಲ ತಾನೇ ಮೇಷ್ಟ್ರೇ? ಒಂದೇ ಒಂದು ಸಾಲು ಬರೆಯಿರಿ, ಸಾಕು.’

ಆ ಸಾಲನ್ನು ನಾನು ಬರೆಯುವುದಿಲ್ಲ.

ಬರೆದರೆ ನಾಲ್ಕು ದಿನ ನೆಮ್ಮದಿಯಾಗಿರುತ್ತೀಯೆ. ಐದನೆಯ ದಿನ ‘ಮೇಷ್ಟ್ರು ಸಮಾಧಾನಕ್ಕೆ ಹೇಳಿರಬೇಕು’ ಎನ್ನಿಸಿ ಇನ್ನೊಂದು ಪತ್ರ ಬರುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿ ಹೇಳುತ್ತಿಲ್ಲ.

1978ರಲ್ಲಿ ದೀಪಾವಳಿ ವಿಶೇಷಾಂಕಕ್ಕೆಂದು ಒಂದು ಕಥೆ ಬರೆದು, ಕವರಿಗೆ ಹಾಕಿ, ಅನ್ನದ ಅಗುಳಿನಿಂದ ಅಂಟಿಸಿ ಅಂಚೆಪೆಟ್ಟಿಗೆಯವರೆಗೂ ಹೋದೆ. ಅದರ ಬಾಯಿಗೆ ಕವರನ್ನು ಹಿಡಿದಾಗ ಹೊಳೆಯಿತು: ಕೊನೆಯ ಪುಟದಲ್ಲಿ ಸಂಪಾದಕರಿಗೆ ಹೊಲಸು ಬೈಗುಳ ಬರೆದುಬಿಟ್ಟಿದ್ದರೆ? ಬರೆದಿರಲಿಲ್ಲ. ಬರೆದಿರಲಿಲ್ಲವೆಂದು ನೋಡಲು ಮನೆಗೆ ಬಂದು ಕವರು ಒಡೆದೆ. ಮತ್ತೆ ಅಂಟಿಸಿದೆ, ಹೋದೆ, ಬಂದೆ, ಒಡೆದೆ. ನಾಲ್ಕನೆಯ ಸಲಕ್ಕೆ ಕವರಿನ ಅಂಚು ನಾರುನಾರಾಗಿ ಎದ್ದು, ಒಣಗಿದ ಅಗುಳು ಉಗುರಿನ ಸಂದಿಯಲ್ಲಿ ಚುಚ್ಚುತ್ತಿತ್ತು. ಹೆಂಡತಿಗೆ ಕೊಟ್ಟು ಓದಿಸಿದೆ. ‘ಏನೂ ಇಲ್ಲ’ ಎಂದಳು. ಮಲಗುವ ಮುಂಚೆ ಮತ್ತೆ ಓದಿಸಿದೆ. ವಿಶೇಷಾಂಕದ ಗಡುವು ಕಳೆಯಿತು. ಆಮೇಲೆ ಬೇರೆ ಕಥೆಗಳು, ಬೇರೆ ಕವರುಗಳು, ಅದೇ ಪ್ರಶ್ನೆ.

ಹೀಗೆ ಎರಡು ವರ್ಷ ನಡೆಯಿತು. ಒಂದು ರಾತ್ರಿ ಅವಳು ‘ನನಗೆ ಗೊತ್ತಿಲ್ಲ. ಇದ್ದರೂ ಇರಬಹುದು’ ಎಂದು ದೀಪ ಆರಿಸಿ ಮಲಗಿಬಿಟ್ಟಳು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬೆಳಗಿನವರೆಗೆ ಕವರನ್ನು ಮುಂದಿಟ್ಟುಕೊಂಡು ಕತ್ತಲಲ್ಲಿ ಕುಳಿತಿದ್ದೆ. ಹಾಲಿನವನು ಬಂದ. ಹಾಲು ಒಳಗಿಟ್ಟು, ಹೋಗಿ ಕವರನ್ನು ಪೆಟ್ಟಿಗೆಗೆ ಹಾಕಿ ಬಂದೆ. ಆ ಕಥೆ ಅಚ್ಚಾಗಲಿಲ್ಲ. ಹಾಗಾಗಿ ಅದರಲ್ಲಿ ಬೈಗುಳವಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಇದನ್ನು ನಂಬಿ ಒಬ್ಬ ಹಿರಿಯ ಲೇಖಕರ ಬಳಿ ಹೇಳಿಕೊಂಡೆ. ಅವರು ಊಟದ ಪಂಕ್ತಿಯಲ್ಲಿ ಹತ್ತು ಜನರ ಮುಂದೆ ಅದನ್ನು ನಗೆಹನಿ ಮಾಡಿದರು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ನಾನೂ ನಕ್ಕೆ. ಅವರ ನಗುವನ್ನು ಹೇಗೋ ಮರೆತೇನು, ನನ್ನ ನಗುವನ್ನಲ್ಲ. ನಿನ್ನ ಪತ್ರ ಈ ಮನೆಯ ಹೊಸಿಲು ದಾಟುವುದಿಲ್ಲ, ಅಷ್ಟನ್ನು ಮಾತ್ರ ಭಾಷೆ ಕೊಡುತ್ತೇನೆ.

ಬುದ್ಧನನ್ನು ಓದಿದ್ದು ಇದೆಲ್ಲ ಆದ ಮೇಲೆ. ಅವನ ಉಪದೇಶಗಳ ಪಾಲಿ ಸಂಗ್ರಹಗಳಲ್ಲಿ ಒಂದಾದ ಮಜ್ಝಿಮ ನಿಕಾಯದಲ್ಲಿ 20ನೆಯ ಸುತ್ತ, ಅಂದರೆ ಉಪದೇಶ, ವಿತಕ್ಕಸಂಠಾನ. ಬೇಡದ ಯೋಚನೆ ಬಂದರೆ ಏನು ಮಾಡಬೇಕೆಂದು ಅಲ್ಲಿ ಐದು ಉಪಾಯಗಳಿವೆ. ಬಡಗಿ ಸಣ್ಣ ಬೆಣೆ ಹೊಡೆದು ದಪ್ಪ ಬೆಣೆಯನ್ನು ತೆಗೆಯುವಂತೆ ಒಳ್ಳೆಯ ಯೋಚನೆಯಿಂದ ಕೆಟ್ಟದ್ದನ್ನು ತೆಗೆಯುವುದು ಮೊದಲನೆಯದು. ತಲೆಗೆ ಸ್ನಾನ ಮಾಡಿ ಅಲಂಕರಿಸಿಕೊಂಡ ಹುಡುಗಿಯ ಕೊರಳಿಗೆ ಸತ್ತ ಹಾವನ್ನು ಸುತ್ತಿದರೆ ಅವಳು ಹೇಗೆ ಹೇಸುತ್ತಾಳೋ ಹಾಗೆ ಹೇಸುವುದು ಎರಡನೆಯದು. ಇದು ನಿನಗೆ ಬೇಡವೇ ಬೇಡ. ನಿನ್ನಲ್ಲಿ ಹೇಸಿಗೆ ಆಗಲೇ ಬೇಕಾದ್ದಕ್ಕಿಂತ ಹೆಚ್ಚಾಗಿದೆ, ಅದೇ ನಿನ್ನ ರೋಗ. ಮೂರನೆಯದು ಕಣ್ಣು ತಿರುಗಿಸಿಕೊಳ್ಳುವುದು. ಐದನೆಯದು ಹಲ್ಲು ಕಚ್ಚಿ, ನಾಲಗೆಯನ್ನು ಅಂಗುಳಿಗೆ ಒತ್ತಿ, ಬಲಶಾಲಿ ದುರ್ಬಲನನ್ನು ಅಮುಕುವಂತೆ ಮನಸ್ಸನ್ನು ಅಮುಕುವುದು. ನಾವು ಶುರು ಮಾಡುವುದೇ ಈ ಕೊನೆಯದರಿಂದ. ಬೋಧಿಗೆ ಮುಂಚೆ ತಾನು ಹೀಗೆಯೇ ಹಲ್ಲು ಕಚ್ಚಿ ಕುಳಿತಾಗ ಕಂಕುಳಿನಿಂದ ಬೆವರು ಇಳಿಯಿತು, ದೇಹ ದಣಿಯಿತು ಎಂದು ಬುದ್ಧನೇ ಮಹಾಸಚ್ಚಕ ಸುತ್ತದಲ್ಲಿ ಹೇಳಿಕೊಂಡಿದ್ದಾನೆ. ಅದನ್ನು ಐದನೆಯದಾಗಿ ಇಟ್ಟದ್ದು ಸುಮ್ಮನೆ ಅಲ್ಲ ಎಂದು ನನ್ನ ಊಹೆ.

ನನಗೆ ಒದಗಿದ್ದು ನಾಲ್ಕನೆಯದು. ಒಬ್ಬ ಬಿರುಸಾಗಿ ನಡೆಯುತ್ತಿದ್ದಾನೆ. ‘ನಾನೇಕೆ ಬಿರುಸಾಗಿ ನಡೆಯುತ್ತಿದ್ದೇನೆ, ನಿಧಾನವಾಗಿ ನಡೆಯಬಾರದೇಕೆ’ ಎಂದುಕೊಳ್ಳುತ್ತಾನೆ. ಹಾಗೇ ನಿಧಾನಿಸಿ, ನಿಂತು, ಕುಳಿತು, ಕೊನೆಗೆ ಮಲಗುತ್ತಾನೆ. ಅಂಚೆಪೆಟ್ಟಿಗೆಯಿಂದ ಮನೆಗೆ ಓಡೋಡಿ ಬರುತ್ತಿದ್ದವನಿಗೆ ಇದು ಕೆನ್ನೆಗೆ ಹೊಡೆದಂತಿತ್ತು. ನನ್ನನ್ನು ತಿಂದದ್ದು ಬೈಗುಳದ ಯೋಚನೆಯಲ್ಲ, ಅದನ್ನು ಪರೀಕ್ಷಿಸಲು ಓಡುತ್ತಿದ್ದ ಓಟ. ನೀನು ಕೋಣೆಗೆ ಓಡುವುದೂ ಅದೇ ಓಟ. ನನ್ನಿಂದ ಒಂದು ಸಾಲು ಕೇಳಿದ್ದೂ ಅದೇ.

‘ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ’ ಎಂಬ ಬುದ್ಧನ ಮಾತು ಇನ್ನೊಂದು ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿದೆ. ಸಂಕಲ್ಪವನ್ನೇ ನಾನು ಕರ್ಮವೆನ್ನುತ್ತೇನೆ ಎಂದು ಅರ್ಥ. ತಾನಾಗಿ ಬಂದದ್ದು ಬೇರೆ, ಬೇಕೆಂದು ಮಾಡಿದ್ದು ಬೇರೆ. ಆದರೆ ನಮ್ಮಂಥವರ ಕೈಗೆ ಇಂಥ ಮಾತನ್ನೂ ಕೊಡಬಾರದು: ‘ಹಾಗಾದರೆ ನನಗೆ ಸಂಕಲ್ಪ ಇತ್ತೇ, ಇರಲಿಲ್ಲವೇ’ ಎಂದು ರಾತ್ರಿಯೆಲ್ಲ ಕೆದಕುತ್ತೇವೆ. ಈ ಕೆದಕುವಿಕೆಗೆ ಪಾಲಿಯಲ್ಲಿ ಕುಕ್ಕುಚ್ಚ ಎಂಬ ಹೆಸರಿದೆ, ಮನಸ್ಸಿಗೆ ಅಡ್ಡಬರುವ ಐದು ನೀವರಣಗಳಲ್ಲಿ ಚಾಂಚಲ್ಯದ ಜೊತೆಗೆ ಅದನ್ನು ಕಟ್ಟಿಹಾಕಿದ್ದಾರೆ. ನೀನು ಆತ್ಮಸಾಕ್ಷಿ ಎಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ಅದು ಇದೇ. ಅದಕ್ಕೆ ಅಷ್ಟು ಮರ್ಯಾದೆ ಕೊಡಬೇಡ.

ನಾಲೆಯೇ ಏಕೆ ಎಂದು ಕೇಳಿದ್ದೀಯೆ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸು ಅದೇ ನಾಲೆಗೆ ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆ ನೀರಿನ ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡವಳ ಮನಸ್ಸು ಇನ್ನೇನನ್ನು ತರಬೇಕಿತ್ತು?

ಇನ್ನೊಂದು ಹೋಲಿಕೆ ಮಜ್ಝಿಮ ನಿಕಾಯದ 19ನೆಯ ಸುತ್ತದಲ್ಲಿದೆ. ಮಳೆಗಾಲದ ಕೊನೆಯಲ್ಲಿ ಪೈರು ಒತ್ತಾಗಿರುವಾಗ ದನ ಕಾಯುವವನು ಕೋಲು ಹಿಡಿದು ದನಗಳನ್ನು ತಡೆಯುತ್ತಾನೆ. ಕೊಯ್ಲಾದ ಮೇಲೆ ಮರದಡಿ ಕುಳಿತು ‘ದನಗಳಿವೆ’ ಎಂದು ಗಮನವಿಟ್ಟಿದ್ದರೆ ಸಾಕು. ಮಂಡ್ಯದ ಕಡೆಯವಳಿಗೆ ಇದನ್ನು ವಿವರಿಸಬೇಕಿಲ್ಲ. ನಿಜ ಹೇಳಬೇಕೆಂದರೆ ಮರದಡಿಯ ಮಾತನ್ನು ಅಲ್ಲಿ ಒಳ್ಳೆಯ ಯೋಚನೆಗಳಿಗೆ ಹೇಳಿದೆ. ನಾನು ಅದನ್ನು ಕದ್ದು ಎಲ್ಲಕ್ಕೂ ಬಳಸುತ್ತೇನೆ. ಪಂಡಿತರು ಬೈಯಲಿ.

ಮೂರು ವಾರದಿಂದ ನಿದ್ದೆಯಿಲ್ಲ ಎಂದಿರುವುದರಿಂದ ಇದನ್ನು ಬರೆಯಲೇಬೇಕು: ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ, ಚಿಕಿತ್ಸೆ ಇದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿಯೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೋ ಮನೋವೈದ್ಯರನ್ನು ಈ ವಾರವೇ ಕಾಣು. ಅಷ್ಟರೊಳಗೆ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡು. ನಾನು ಕತೆ ಬರೆಯುವ ಮುದುಕ, ವೈದ್ಯನಲ್ಲ.

ಬೈಲಕುಪ್ಪೆಯ ಟಿಬೆಟನ್ ಮಠಕ್ಕೆ ಹೋಗಿಬಂದರೆ ಗುಣವಾಗುತ್ತದೆಯೇ ಎಂಬ ಪ್ರಶ್ನೆಗೆ ನನಗೆ ನಗು ಬಂತು. ಹೋಗು, ಬೇಡವೆನ್ನುವುದಿಲ್ಲ. ಆದರೆ ಚಿನ್ನದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ತಿರುಗಬೇಡ, ಗೋಡೆಗಳನ್ನು ನೋಡು. ಕೋರೆಹಲ್ಲು, ತಲೆಬುರುಡೆಯ ಮಾಲೆ, ಉರಿಯುವ ಕೂದಲಿನ ಉಗ್ರರೂಪಗಳನ್ನು ಆ ಟಿಬೆಟನ್ನರು ಪ್ರಾರ್ಥನೆಯ ಸಭಾಂಗಣದಲ್ಲಿಯೇ ಒಂದೊಂದು ಉಗುರನ್ನೂ ಬಿಡದೆ ಬರೆದಿದ್ದಾರೆ. ಅವು ಅವರಿಗೆ ಕಾವಲಿನ ದೇವತೆಗಳು. ನೀನು ನೋಡಿದರೆ ಒಂದು ನಾಲೆಯನ್ನು ಬಿಟ್ಟು ಹನ್ನೊಂದು ಕಥೆ ಬರೆದೆ.

ಏಳನೆಯ ಕಥೆಯನ್ನು ಮತ್ತೆ ಬರೆದು ಕಳಿಸು. ಚೆನ್ನಾಗಿದೆಯೇ ಎಂದು ಕೇಳಬೇಡ, ಅದಕ್ಕೂ ನಾನು ಒಂದು ಸಾಲಿನ ಉತ್ತರ ಕೊಡುವುದಿಲ್ಲ. ಕವರು ಅಂಟಿಸಿದ ಮೇಲೆ ತೆರೆಯಬೇಡ, ತೆರೆದರೂ ನನಗೆ ತಿಳಿಸಬೇಡ.

ನಿನ್ನ ಅಕ್ಕನ ಕೂಸಿಗೆ ಎಂಟು ತಿಂಗಳು ಎಂದಿದ್ದೀಯೆ. ಕೆಳಗಿನ ಹಲ್ಲು ಬಂದಿರಬೇಕು. ಬೇರೆಯವರನ್ನು ಕೇಳದೆ ನೀನೇ ಎತ್ತಿಕೊಂಡು ನೋಡಿ, ಎಷ್ಟು ಬಂದಿವೆ ಎಂದು ಬರೆ.

ಇತಿ,
ನಿನ್ನ ಮೇಷ್ಟ್ರು